ಬುಟ್ಟಿಯ ಹಕ್ಕಿ, ಫೋನಿನ ಹಕ್ಕಿ

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ದಿನವಿಡೀ ತೂಕದ ಯಂತ್ರ ರಿಪೇರಿ ಮಾಡಿ, ಸಾಕಾಗಿ ಮೊಳಕಾಲ್ಮೂರು ಬಸ್ಸು ಹತ್ತಿದ್ದೆ. ನಿದ್ದೆ ಮಾಡುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಫೋನಿನಲ್ಲಿ ಬೇಟೆ ಆಟ ತೆಗೆದೆ. ವಾರದಿಂದ ಅದರಲ್ಲಿ ಒಂದೇ ಒಂದು ಗೌಜಲಕ್ಕಿಯನ್ನೂ ಹೊಡೆಯಲಾಗಿರಲಿಲ್ಲ. ಬಟನ್ ಒತ್ತಿದರೆ ಫೋನು ಗೌಜಲಕ್ಕಿಯ ಹಾಗೆ ಕೂಗುತ್ತದೆ, ಅದನ್ನು ಕೇಳಿ ಪೊದೆಯಲ್ಲಿರುವ ಹಕ್ಕಿ ಹೊರಗೆ ಬರಬೇಕು. ಒತ್ತಿದೆ.

ಉತ್ತರ ಬಂದದ್ದು ಪಕ್ಕದ ಸೀಟಿನ ಅಜ್ಜನ ಕಾಲಡಿಯಿಂದ. ಟವೆಲ್ ಮುಚ್ಚಿದ ಬುಟ್ಟಿಯೊಳಗೆ ನಿಜವಾದ ಗೌಜಲಕ್ಕಿ ಇತ್ತು. ಊರಾಚೆಯ ಕಾವಲಿನ ಹುಲ್ಲುಗಾಡಿನಲ್ಲಿ ಇಂಥ ಸಾಕಿದ ಹಕ್ಕಿಯನ್ನು ಕೂಗಿಸಿ, ಕಾಡು ಹಕ್ಕಿಗಳನ್ನು ಉರುಳಿಗೆ ಕೆಡವುತ್ತಾರೆ. ಸಿಕ್ಕಿಬಿದ್ದರೆ ಕೇಸು.

"ಯಾರ್ರೀ ಅದು, ಹಕ್ಕಿ ತಂದಿರೋದು?" ಎಂದು ಕಂಡಕ್ಟರ್ ಎದ್ದು ಬಂದ. ಅಜ್ಜ ನನ್ನ ಮುಖ ನೋಡಿದ. ವಿವರಿಸುತ್ತ ಕೂರುವ ತಾಳ್ಮೆ ನನಗಿರಲಿಲ್ಲ. ಸುಮ್ಮನೆ ಫೋನು ಎತ್ತಿ ತೋರಿಸಿದೆ.

"ಓದಿದೋರ ಥರ ಕಾಣ್ತೀರಿ, ಇಯರ್‌ಫೋನ್ ಹಾಕ್ಕಳಕೆ ಏನ್ರಿ ಕಷ್ಟ?" ಎಂದು ಬೈದು ಹೋದ. ಆಮೇಲೆ ಬುಟ್ಟಿ ಕೂಗಿದಾಗಲೆಲ್ಲ ನಾನು ಫೋನು ಎತ್ತಿ ಹಿಡಿದು ಬೈಸಿಕೊಂಡೆ.

ಇಳಿಯುವಾಗ ಅಜ್ಜ ಮೆಲ್ಲಗೆ ಹೇಳಿದ: "ಸಾಮಿ, ಇದು ಎಂಟು ದಿನದಿಂದ ಬಾಯೇ ಬಿಟ್ಟಿರ್ಲಿಲ್ಲ. ಆ ಕೂಗು ನನ್ ಮೊಬೈಲಿಗೂ ಹಾಕ್ಕೊಡ್ರಿ. ಕಾವಲಿಗೆ ಬುಟ್ಟಿ ಹೊರೋದು ತಪ್ತೈತೆ."

ಕಾವಲಿನ ಹಕ್ಕಿಗಳು ನೆನಪಾದವು. "ಚಾರ್ಜ್ ಮುಗಿದೈತಜ್ಜ" ಎಂದು ಫೋನನ್ನು ಜೇಬಿಗೆ ಹಾಕಿಕೊಂಡೆ. ಬೆರಳು ತಾಗಿರಬೇಕು, ಜೇಬಿನೊಳಗಿಂದ ಅದು ಜೋರಾಗಿ ಕೂಗಿತು. ಬುಟ್ಟಿ ಓಗೊಟ್ಟಿತು.

ಆಟದ ಗೌಜಲಕ್ಕಿ ಮಾತ್ರ ಇವತ್ತಿಗೂ ಪೊದೆ ಬಿಟ್ಟು ಹೊರಗೆ ಬಂದಿಲ್ಲ.