ಮಿಟುಕುವ ಕಣ್ಣಿನ ಕಾವಲುಗಾರ

ಮೇನ್ ಸೀಮೆಯ ಬಡಗಣ ತುದಿಯ ಆ ಕಾಗದದ ಗಿರಣಿಯಲ್ಲಿ ಹೆಕ್ಟರ್ ಡೇಗಲ್‌ನನ್ನು ಗೇಲಿ ಮಾಡದವರಿರಲಿಲ್ಲ, ಅವನ ಮಾತು ಮೀರುವವರೂ ಇರಲಿಲ್ಲ. ಬಾಯ್ಲರ್ ಮನೆಯಲ್ಲಿ ಪಾಳಿ ಬದಲಾಗುವಾಗ ಅವನದೊಂದು ಕಟ್ಟಳೆ. ಹೊಸ ಪಾಳಿಯವನು ಬರ್ನರಿನ ಪಕ್ಕದಲ್ಲಿ ಬೆಂಕಿ ಕಾಯುವ ಯಂತ್ರದ ಕಣ್ಣಿಗೆ ಕಿವಿಯಿಟ್ಟು, "ಮಿಟುಕ್ತಾ ಇದೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವ ತನಕ ಹಳೆಯವನು ಊಟದ ಡಬ್ಬಿ ಎತ್ತುವಂತಿಲ್ಲ. ಹೊರಗೆ ಹಿಮ ಸುರಿದು ದಾರಿ ಮುಚ್ಚುತ್ತಿದ್ದರೂ ಅಷ್ಟೇ.

ಈ ಕಟ್ಟಳೆಯ ಹಿಂದೆ ಒಂದು ಸಾವಿದೆ. ಹೆಕ್ಟರನ ಅಣ್ಣ ನಾರ್ಮಂಡ್ ಕೆಲಸ ಮಾಡುತ್ತಿದ್ದಾಗಲೂ ಬರ್ನರಿಗೆ ಕಣ್ಣಿತ್ತು. ಅನಿಲ ತುಂಬಿದ ಪುಟ್ಟ ಗಾಜಿನ ಬುರುಡೆ, ಒಳಗೆ ಎರಡು ತಂತಿ. ಜ್ವಾಲೆಯಿಂದ ಹೊಮ್ಮುವ, ನಮಗೆ ಕಾಣದ ನೇರಳಾತೀತ ಬೆಳಕು ತಾಗಿದರೆ ಮಾತ್ರ ತಂತಿಗಳ ನಡುವೆ ಕರೆಂಟು ಹಾಯುತ್ತದೆ. ಬರೀ ಕೆಂಪಗೆ ಕಾದ ಇಟ್ಟಿಗೆಗೆ ಅದು ಮರುಳಾಗುವುದಿಲ್ಲ. ಕರೆಂಟು ನಿಂತರೆ ಬೆಂಕಿ ಆರಿದೆ ಎಂದರ್ಥ, ಎಣ್ಣೆಯ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಬುರುಡೆಗೂ ವಯಸ್ಸಾಗುತ್ತದೆ. ಹಳತಾದದ್ದು ಒಮ್ಮೊಮ್ಮೆ ಕತ್ತಲಲ್ಲೂ ಬೆಂಕಿಯಿದೆ ಎನ್ನುತ್ತಲೇ ಇರುತ್ತದೆ. ಅವತ್ತು ಜ್ವಾಲೆ ಆರಿತ್ತು, ಕಣ್ಣು ಇದೆಯೆಂದಿತು, ಎಣ್ಣೆ ಸುರಿಯುತ್ತಲೇ ಹೋಯಿತು. ಕಾದ ಇಟ್ಟಿಗೆ ತಾಗಿ ಅಷ್ಟೂ ಒಮ್ಮೆಲೇ ಹೊತ್ತಿಕೊಂಡಾಗ ನಾರ್ಮಂಡ್ ಕುಲುಮೆಯ ಬಾಗಿಲ ಮುಂದೆಯೇ ನಿಂತಿದ್ದ.

ಆಮೇಲೆ ಗಿರಣಿಯವರು ರೆಪ್ಪೆಯಿರುವ ಕಣ್ಣು ತಂದರು. ದೊಡ್ಡವರಿಗೆ ಬುದ್ಧಿ ಬರುವುದು ಹೆಣ ಬಿದ್ದ ಮೇಲೆಯೇ. ಪುಟ್ಟ ರೆಪ್ಪೆ ಆಗಾಗ ಟಿಕ್ ಎಂದು ಮುಚ್ಚಿ ತೆರೆಯುತ್ತದೆ. ಮುಚ್ಚಿದಾಗಲೂ ಬುರುಡೆ ಬೆಂಕಿಯಿದೆ ಎಂದರೆ ಅದು ಕೆಟ್ಟಿದೆ, ಬರ್ನರ್ ನಿಲ್ಲುತ್ತದೆ. ರೆಪ್ಪೆಯನ್ನೂ ಪೂರ್ತಿ ನಂಬದ ಹೆಕ್ಟರ್ ಅದರ ಸದ್ದಿಗೆ ಕಿವಿಯಿಟ್ಟ. ಉಳಿದ ಆಯುಷ್ಯವೆಲ್ಲ ಅದೇ ಕಾವಲಾಯಿತು.

ಬಾಯ್ಲರ್ ಮನೆಯ ಗದ್ದಲ ಯಾರ ಕಿವಿಯನ್ನೂ ಉಳಿಸುವುದಿಲ್ಲ. ಜೊತೆಗಾರ ಎಲ್ಡನ್ ಅವನ ಹತ್ತಿರ ಬಂದು ಕೂಗುತ್ತಿದ್ದ: "ಹೆಂಡ್ತಿ ಪ್ಲೋಯ್ ದೋಸೆ ಹುಯ್ದು ಊಟಕ್ಕೆ ಕರೆದ್ರೂ ಕೇಳ್ಸಲ್ಲ ನಿಂಗೆ. ಆ ಟಿಕ್ ಕೇಳ್ಸುತ್ತಾ ಮಾರಾಯಾ?"

"ಹೆಂಡ್ತಿ ಮಾತು ಕೇಳಿಸ್ಕೊಳ್ದೇ ಇರೋದು ಬೇರೆ ವಿದ್ಯೆ ಕಣೋ," ಎನ್ನುತ್ತಿದ್ದ ಹೆಕ್ಟರ್. "ಇದು ಕೇಳುತ್ತೆ."

ಆ ಶರತ್ಕಾಲದಲ್ಲಿ ವರ್ಷದ ದುರಸ್ತಿ ಮುಗಿದು ಬಾಯ್ಲರ್ ಮತ್ತೆ ಹಚ್ಚಬೇಕಿತ್ತು. ಒಲೆ ತಣ್ಣಗಿತ್ತು, ಮನೆಯಿಡೀ ಮೌನ. ಎಲೆಕ್ಟ್ರಿಷಿಯನ್ ರೀಟಾ ಮಿಶೋ ಕರೆಂಟಿನ ಫಲಕದ ಮುಂದೆ ಕೂತು ತಂತಿ ಬಿಗಿಯುತ್ತಿದ್ದಳು. ಹೆಕ್ಟರ್ ಟೋಪಿ ತೆಗೆದ, ಎಂದಿನಂತೆ ಕಣ್ಣಿಗೆ ಕಿವಿಯೊತ್ತಿದ, ತುಸು ಹೊತ್ತು ಕಣ್ಣು ಮುಚ್ಚಿ ನಿಂತ.

"ಮಿಟುಕ್ತಾ ಇದೆ. ಹಚ್ಚಿ."

ರೀಟಾ ಎದ್ದು ಬಂದು ಅವನ ತೋಳು ಮುಟ್ಟಿದಳು.

"ಹೆಕ್ಟರ್, ನಾನಿನ್ನೂ ಕರೆಂಟೇ ಕೊಟ್ಟಿಲ್ಲ."

ಅವಳು ಮೆಲ್ಲಗೆ ಹೇಳಿದ್ದರಿಂದ ಎಲ್ಡನ್ ಅದನ್ನೇ ಗಟ್ಟಿಯಾಗಿ ಹೇಳಬೇಕಾಯಿತು. ಅವನ ದನಿಯಲ್ಲಿ ಈ ಸಲ ಗೇಲಿಯಿರಲಿಲ್ಲ.

ಹೆಕ್ಟರನ ಮುಖ ಬಿಳಿಚಿಕೊಂಡಿತು. ಸದ್ದು ಅವನಿಗೆ ಕೇಳಿದ್ದು ನಿಜ. ಈಗಲೂ ಕೇಳುತ್ತಿತ್ತು, ಕಣ್ಣಿನಿಂದ ದೂರ ಸರಿದು ನಿಂತ ಮೇಲೂ, ತನ್ನ ಕಿವಿಯೊಳಗಿಂದಲೇ. ಎಷ್ಟು ದಿನದಿಂದ ಹೀಗೆ ಕೇಳುತ್ತಿದೆಯೋ, ಎಷ್ಟು ಜನರನ್ನು ಆ ಮಾತಿನ ಮೇಲೆ ಈ ಬಾಗಿಲ ಮುಂದೆ ನಿಲ್ಲಿಸಿದ್ದನೋ!

"ನಾನೂ ಆ ಹಳೇ ಬುರುಡೆನೇ ಆಗಿದೀನಿ," ಎಂದ. "ನಾರ್ಮಂಡ್‌ನ ಕೊಂದ ಬುರುಡೆ."

"ಹಂಗೆಲ್ಲ ಅನ್ಬೇಡ," ಎಂದ ಎಲ್ಡನ್.

"ಅನ್ಲೇಬೇಕು. ಇಲ್ಲಿ ಬಾ. ಕಿವಿ ಇಡು."

ರೀಟಾ ಕರೆಂಟು ಕೊಟ್ಟಳು. ಎಲ್ಡನ್ ಬಗ್ಗಿ ಕಿವಿಯೊತ್ತಿದ. ಹೆಕ್ಟರ್ ಅವನ ಎದುರು ನಿಂತು ತುಟಿಗಳನ್ನೇ ನೋಡುತ್ತಿದ್ದ. ಎಲ್ಡನ್ "ಮಿಟುಕ್ತಾ ಇದೆ" ಎಂದದ್ದು ಅವನಿಗೆ ಕೇಳಿಸಲಿಲ್ಲ, ತುಟಿ ಅಲುಗಿದ್ದರಿಂದ ತಿಳಿಯಿತು. ಹೆಕ್ಟರ್ ತನ್ನ ಊಟದ ಡಬ್ಬಿ ಎತ್ತಿಕೊಂಡ.