ರೊಟ್ಟಿ ಬಡಿಯುವ ಸಪ್ಪಳ

ಜೋಳದ ರೊಟ್ಟಿಯ ರುಚಿಯನ್ನು ಹೊಗಳುವವರು ಬಹಳ ಮಂದಿ. ಅದರ ಸಪ್ಪಳವನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಶಹಾಬಾದಿನ ನಮ್ಮ ಓಣಿಯಲ್ಲಿ ಬೆಳಗಾಗುವುದು ಕೋಳಿಯ ಕೂಗಿನಿಂದಲ್ಲ, ಹೆಂಗಸರು ರೊಟ್ಟಿ ಬಡಿಯುವುದರಿಂದ. ಆ ಬಡಿತದ ಮೇಲೆಯೇ ನನ್ನ ಹೆಂಡತಿ ಗುರಮ್ಮನ ಅಂದಿನ ಮನಃಸ್ಥಿತಿ ನನಗೆ ತಿಳಿಯುತ್ತಿತ್ತು: ಬಡಿತ ಜೋರಾಗಿದ್ದರೆ ತಪ್ಪು ನನ್ನದು, ಮೆಲ್ಲಗಿದ್ದರೆ ನೆರೆಮನೆಯವರದು.

ಹೋದ ವರ್ಷ ನಮ್ಮ ಮನೆಯಲ್ಲಿ ಆ ಸಪ್ಪಳ ನಿಂತಿತು. ಆಕೆ ಅಂಗಡಿಯ ಕಡಕ್ ರೊಟ್ಟಿ ತರಿಸತೊಡಗಿದಳು. ಬಯ್ಯುವುದನ್ನೂ ಬಿಟ್ಟಳು, ನಾನು ಬೀಡಿಯ ಬೂದಿಯನ್ನು ನೆಲಕ್ಕೆ ಉದುರಿಸಿದರೂ ಮಾತಿಲ್ಲ. ಚಹಾದ ಹೋಟೆಲಿನಲ್ಲಿ ಗೆಳೆಯರ ಮುಂದೆ ಮೀಸೆ ತಿರುವಿದೆ: "ನಲವತ್ತು ವರ್ಷಕ್ಕ ನಮ್ಮಾಕಿಗಿ ಬುದ್ಧಿ ಬಂತು ನೋಡ್ರಪಾ, ಬಾಯಿ ಮುಚ್ಕೊಂಡಾಳ."

"ಏನ್ ಮಂತ್ರ ಹಾಕಿದ್ಯೋ, ನಮಗೂ ಕಲಿಸು" ಎಂದ ಒಬ್ಬ. ಆ ಹೊಗಳಿಕೆಯನ್ನು ಚಹಾದೊಡನೆ ಕುಡಿದು ಬಂದೆ.

ಭಂಕೂರದ ಕಲ್ಲಿನ ಗಣಿಯಲ್ಲಿ ನನ್ನ ಕೆಲಸವೇನಿತ್ತೆಂದರೆ, ನೆಲಕ್ಕೆ ಹಾಸುವ ಪರಸಿಕಲ್ಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ ದನಿ ಮಂಕು. ಆ ಕಿವಿಯನ್ನು ನಾನು ಗಣಿಯಲ್ಲಿಯೇ ಬಿಟ್ಟು ಬರುತ್ತಿದ್ದೆನೆಂದು ಕಾಣುತ್ತದೆ.

ಒಂದು ದಿನ ನೆರೆಮನೆಯ ಖಾಜಾಬಿ ಬಾಗಿಲಲ್ಲೇ ತಡೆದಳು. "ಅಣ್ಣಾ, ಅಕ್ಕ ಜಳಕ ಮಾಡಲ್ದೇ ಭಾಳ ದಿನ ಆತು. ಕರದ್ರ ಓ ಅನ್ನಂಗಿಲ್ಲ. ನಿಮಗ ಕಣ್ಣಿಲ್ಲೇನು?"

ಒಳಗೆ ಗುರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಏನಾಗ್ಯಾದ? ನಿನಗೇನು ಕಡಿಮಿ ಮಾಡೀನಿ?" ಎಂದೆ. ಹಾಗೆ ಕೇಳಿದ್ದೂ ದಬಾಯಿಸಿಯೇ.

"ಏನೂ ಕಡಿಮಿ ಇಲ್ರಿ. ಮುಂಜಾನಿ ಯಾಕರ ಎಚ್ಚರಾಗ್ತದೋ ಅನಸ್ತದ."

ಅತ್ತು ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಡಬ್ಬಿಯಲ್ಲಿ ಉಪ್ಪು ತೀರಿದೆ ಎಂಬಷ್ಟು ಸಾಧಾರಣವಾಗಿ ಹೇಳಿದಳು. ಊರ ತುಂಬ ನಾನು ಸಾರಿಕೊಂಡು ಬಂದ ನನ್ನ ಸಂಸಾರದ ಶಾಂತಿ ಇದಾಗಿತ್ತು. ಆ ಭಾರ ಇಂದಿಗೂ ಎದೆಯಿಂದ ಇಳಿದಿಲ್ಲ.

ಕಲಬುರಗಿಯ ಡಾಕ್ಟರು ಇದು ಖಿನ್ನತೆಯೆಂಬ ರೋಗ, ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ ಎಂದು ಗುಳಿಗೆ ಕೊಟ್ಟರು. ಉಪದೇಶ ಬೇಡ, ಒಬ್ಬಳನ್ನೇ ಬಿಡುವುದು ಬೇಡ, ಆಕೆ ಹೇಳಿದ್ದನ್ನು ಕೇಳುತ್ತ ಬಳಿಯಲ್ಲಿ ಕುಳಿತಿರಿ ಎಂದರು. ಬಾಯಿ ಮುಚ್ಚಿ ಕುಳಿತುಕೊಳ್ಳುವುದು ಎಷ್ಟು ಕಠಿಣ ವಿದ್ಯೆಯೆಂದು ಈ ಮುಪ್ಪಿನಲ್ಲಿ ತಿಳಿಯಿತು, ನೋಡಿ.

ಕೈಗೂ ಏನಾದರೂ ಕೆಲಸವಿರಲೆಂದು ನಾನೇ ರೊಟ್ಟಿ ಬಡಿಯಲು ಕಲಿತೆ. ಕಲಿತೆ ಎನ್ನುವುದು ಜಂಬದ ಮಾತು. ನನ್ನ ರೊಟ್ಟಿಗಳಿಗೆ ಅಂಚು ಇರುತ್ತಿದ್ದರೆ ನಡು ಇರುತ್ತಿರಲಿಲ್ಲ. ಗುರಮ್ಮ ಎರಡು ತುತ್ತು ತಿಂದು ಮಲಗುವಳು. ಹೀಗೆಯೇ ತಿಂಗಳುಗಳು ಹೋದವು. ಮೊನ್ನೆ ಬೆನ್ನ ಹಿಂದೆ ದನಿ ಬಂತು:

"ರೊಟ್ಟಿ ಬಡೀಲಿಕತ್ತೀರೋ, ಪರಸಿ ತಟ್ಟಲಿಕತ್ತೀರೋ? ಸರೀರಿ ಆಚಿ."

ಒಂದೇ ಒಂದು ರೊಟ್ಟಿ ಬಡಿದು, ಕೈ ತೊಳೆದು, ಮತ್ತೆ ಹೋಗಿ ಮಲಗಿದಳು. ಬಡಿತ ಜೋರಾಗಿಯೇ ಇತ್ತು. ತಪ್ಪು ನನ್ನದು.