ಎರಡು ಚೀಲ ಚಲೋ ಬಂದಾವು

ಕಾಲುವೆ ನೀರು ಬಂದ ಮೇಲೆ ಅಣ್ಣನೂ ನಾನೂ ಶಹಾಪುರದಲ್ಲಿ ಭತ್ತದ ವ್ಯಾಪಾರಕ್ಕೆ ಕೂತೆವು. ನಮ್ಮದೊಂದು ಪದ್ಧತಿ ಇತ್ತು: ರೈತನ ಮಾಲಿನಲ್ಲಿ ಮೂರು ಚೀಲ ಬಿಚ್ಚಿಸಿ, ಅಂಗೈಯಲ್ಲಿ ಉಜ್ಜಿ ನೋಡುವುದು. ಎರಡು ಚೆನ್ನಾಗಿದ್ದರೆ ಮೂರನೆಯದರ ಜೊಳ್ಳಿಗೆ ತಕರಾರು ತೆಗೆಯದೆ ಎಲ್ಲವನ್ನೂ ಎತ್ತಿಸುವುದು. ಅಂಗಡಿ ಬೆಳೆದದ್ದೇ ಹಾಗೆ.

ಅಣ್ಣನಿಗೆ ನಡೆದಾಗಲೆಲ್ಲ ಎದೆ ಬಿಗಿಯತೊಡಗಿತು. ಯಾದಗಿರಿಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಸರಿ ಇದೆ ಅಂದರು. ಟ್ರೆಡ್‌ಮಿಲ್ ಮೇಲೆ ನಡೆಸಿದರು. ಮೊಣಕಾಲು ನೋವೆಂದು ಅವನು ಬೇಗ ಇಳಿದುಬಿಟ್ಟ, ಅಷ್ಟರಲ್ಲಿ ದೋಷವೇನೂ ಕಾಣಲಿಲ್ಲ. ಬಿಗಿತ ಹೋಗದ್ದಕ್ಕೆ ಕಲಬುರಗಿಗೆ ಕರೆದೊಯ್ದು, ರಕ್ತನಾಳಗಳ ಚಿತ್ರ ತೆಗೆಯುವ ಸಿ.ಟಿ. ಆಂಜಿಯೋ ಮಾಡಿಸಿದೆ. ಹೃದಯದ ದೊಡ್ಡ ರಕ್ತನಾಳವೊಂದು ಕಿರಿದಾದಂತೆ ಕಂಡಿತು. ಒಳಗೆ ಸುಣ್ಣ ಕಟ್ಟಿ ಚಿತ್ರ ಮಸುಕಾಗಿದೆ, ಎಷ್ಟು ಕಿರಿದೆಂದು ತಿಳಿಯಲು ಮುಂಗೈಯಿಂದ ತೆಳ್ಳನೆ ನಳಿಗೆ ತೂರಿಸಿ ನೋಡಬೇಕು ಎಂದರು ಡಾಕ್ಟರು.

ಅಣ್ಣ ನಕ್ಕ. "ಎರಡು ಚೀಲ ಚಲೋ ಬಂದಾವ್ರಿ ಸಾಹೇಬ್ರ. ಮೂರನೇದು ಮಸುಕು ಅಂತ ನೀವೇ ಅಂತೀರಿ. ಮಾಲು ಪಾಸ್ ಅಲ್ಲೇನ್ರಿ?"

"ಎಕೋ ಪಂಪ್ ನೋಡ್ತದ್ರಿ, ಪೈಪ್ ನೋಡಂಗಿಲ್ಲ," ಎಂದರು ಡಾಕ್ಟರು. "ಟ್ರೆಡ್‌ಮಿಲ್‌ನ್ಯಾಗ ನೀವು ಪೂರಾ ದಣಿಯೂದರೊಳಗ ಇಳದೀರಿ. ಪೈಪ್ ನೋಡಿದ್ದು ಇದೊಂದೇ ನೋಡ್ರಿ."

ನನಗೆ ಅರ್ಥವಾಯಿತು. ನಿಮಗೂ ಹೇಳುತ್ತೇನೆ: ವರದಿ ಕೈಗೆ ಬಂದಾಗ ಸರಿ ಇದೆಯೇ ಎಂದಷ್ಟೇ ಕೇಳಿ ಎದ್ದು ಬರಬೇಡಿ. ಈ ಪರೀಕ್ಷೆ ಏನನ್ನು ನೋಡಿದೆ, ಏನನ್ನು ನೋಡಿಲ್ಲ ಎಂದು ಕೇಳಿ. ಅಣ್ಣನಿಗೆ ಮಾತ್ರ ಅದು ತಲೆಗೆ ಹತ್ತಲಿಲ್ಲ. ಹೊರಗೆ ಬಂದು ಚೌಕಾಸಿಗೆ ಇಳಿದೆ.

"ಇವತ್ತೇ ನೋಡಿಸಿಬಿಡು ಅಣ್ಣಾ."

"ಕಾಲುವಿ ಬಂದ್ ಆಗೂತನಕ ಮಾಲು ಬರ್ತಾವ. ಬಂದ್ ಆಗ್ಲಿ, ಬರ್ತೀನಿ."

"ಸೋಮವಾರ?"

"ಕಾಲುವಿ ಬಂದ್ ಆಗ್ಲಿ ಅಂದೆ."

"ಅತ್ತಿಗಿಗೆ ಹೇಳ್ತೀನಿ ನೋಡು."

"ಹೇಳು. ಎರಡು ಚಲೋ ಬಂದಾವಂತ, ಅದನ್ನೂ ಹೇಳು. ನನ್ನ ಮ್ಯಾಲೇ ರೇಟ್ ಇಳಸಾಕ ಬಂದಾನ, ಮಗ."

ಊರವರನ್ನೆಲ್ಲ ಒಪ್ಪಿಸುವ ನನಗೆ ಅಂದು ಒಬ್ಬನನ್ನು ಒಪ್ಪಿಸಲಾಗಲಿಲ್ಲ. ಅತ್ತಿಗೆ ಅತ್ತು ಕೇಳಿದರೂ ಅವನದು ಅದೇ ವಾಯಿದೆ.

ಕೆಲವು ದಿನಗಳ ಮೇಲೆ ಅಣ್ಣ ಕೆಂಭಾವಿ ಕಡೆಯ ಒಂದು ಕಣದಲ್ಲಿ ಮಾಲು ನೋಡುತ್ತ ಕುಸಿದ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಅಂಗೈಗೆ ಭತ್ತದ ಹೊಟ್ಟು ಅಂಟಿತ್ತು. ಜೀಪಿನಲ್ಲಿ ಮಲಗಿಸಿಕೊಂಡು ಶಹಾಪುರಕ್ಕೆ ತಂದೆವು. ದಾರಿಯ ಪಕ್ಕದ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು.